ವಿಹಾರನೌಕೆಯೂ ಕುಟುಂಬದ ಬಯಕೆಯೂ

ಎಲ್ಲಿಗೂ ತಲುಪಬೇಕಾದ ತುರ್ತಿಲ್ಲದೆ ಹಡಗು ಹತ್ತಿ, ಮೂರು ದಿನವೋ ಏಳು ದಿನವೋ ಕಡಲ ಮೇಲೆ ಸುಳಿದಾಡಿ, ಹೊರಟ ಬಂದರಿಗೇ ಮರಳಿ ಬಂದು ಇಳಿಯುವ ವಿಹಾರಯಾತ್ರೆಯು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದವರೆಗೆ ದುಡಿಮೆಯಿಂದ ನಿವೃತ್ತರಾದ ಸ್ಥಿತಿವಂತರ ವಿನೋದವೆಂದೇ ಗಣನೆಗೆ ಬಂದಿತ್ತು. ಅಂಥ ಹಡಗಿನಲ್ಲಿ ಮಕ್ಕಳಿದ್ದರೆ ಸಹಿಸಿಕೊಳ್ಳುತ್ತಿದ್ದರೇ ಹೊರತು, ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಡಗನ್ನು ರೂಪಿಸುವ ಪದ್ಧತಿ ಅಪರೂಪವಾಗಿತ್ತು. ಈಗ ಕಾಲ ಬದಲಾಗಿ, ಕುಟುಂಬಗಳಿಗೆಂದೇ ಕಟ್ಟಿದ ಬೃಹನ್ನೌಕೆಗಳು ಒಂದರ ಹಿಂದೊಂದರಂತೆ ನೀರಿಗಿಳಿಯುತ್ತಿವೆ. ಅವುಗಳಿಗಿಂತ ಎಷ್ಟೋ ಮುಂಚಿತವಾಗಿ ಊಹಾಪೋಹಗಳು ಹೊರಟಿರುತ್ತವೆ. ಮುಂದಿನ ಹಡಗಿನ ಹೆಸರೇನು, ಅದರ ನೆಲೆ ಯಾವ ಬಂದರು, ಜಾರುಬಂಡೆ ಎಷ್ಟು ಉದ್ದ, ಕೋಣೆಯಲ್ಲಿ ಐದನೆಯವನಿಗೆ ಹಾಸಿಗೆ ಉಂಟೆ, ಹಿಂದಿನ ಹಡಗಿನಲ್ಲಿ ಕೈಬಿಟ್ಟ ಅನುಕೂಲ ಇದರಲ್ಲಾದರೂ ಮರಳೀತೆ, ಎಂದು ಮುಂತಾಗಿ ಉತ್ಸಾಹಿಗಳು ಪಟ್ಟಿಗಳನ್ನೇ ಸಿದ್ಧಪಡಿಸುತ್ತಾರೆ. ಈ ಬಯಕೆಗಳಲ್ಲಿ ಯಾವುವು ನೆರವೇರತಕ್ಕವು, ಯಾವುವು ನೀರಿನ ಮೇಲಿನ ಬರಹಗಳು, ಯಾವುವು ನಿಜವಾಗಿ ಬಯಸಲು ಯೋಗ್ಯವಾದವು ಎಂಬುದನ್ನು ನಿದಾನವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಇಂಥ ಊಹೆಗೆ ಎಲ್ಲಕ್ಕಿಂತ ಹೆಚ್ಚು ವಸ್ತುವನ್ನು ಒದಗಿಸಿರುವುದು ಡಿಸ್ನಿ ಸಂಸ್ಥೆಯ ನೌಕಾಸಮೂಹ. ಆದಕಾರಣ ಅದನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳುತ್ತೇನೆ. ಸ್ವಂತ ಹಡಗು ಹೊಂದುವ ಮೊದಲು ಆ ಸಂಸ್ಥೆ 1985ರಿಂದ 1993ರವರೆಗೆ ಪ್ರೀಮಿಯರ್ ಎಂಬ ಕಂಪೆನಿಯ ಕೆಂಪು ಹಡಗುಗಳಿಗೆ ತನ್ನ ಮಿಕ್ಕಿ, ಮಿನ್ನಿಯರನ್ನು ಕಳುಹಿಸಿಕೊಟ್ಟು, ಫ್ಲಾರಿಡಾದ ತನ್ನ ವಿನೋದೋದ್ಯಾನಕ್ಕೂ ಕಡಲಿಗೂ ನಂಟು ಬೆಸೆದಿತ್ತು. ಇಟಲಿಯಲ್ಲಿ ಕಟ್ಟಿಸಿದ ಮೊದಲ ಸ್ವಂತ ಹಡಗು ‘ಡಿಸ್ನಿ ಮ್ಯಾಜಿಕ್’ 1998ರ ಮಾರ್ಚಿನಲ್ಲಿ ಹೊರಡಬೇಕಾಗಿದ್ದು, ಕೆಲಸ ಮುಗಿಯದೆ ಜುಲೈ ಕೊನೆಯಲ್ಲಿ ಹೊರಟಿತು. ಮರುವರ್ಷ ‘ವಂಡರ್’ ಬಂದಿತು. ಆ ಮೇಲೆ ಹನ್ನೊಂದು ವರ್ಷಕ್ಕೂ ಮಿಕ್ಕಿದ ಮೌನ. 2011ರಲ್ಲಿ ‘ಡ್ರೀಮ್’, 2012ರಲ್ಲಿ ‘ಫ್ಯಾಂಟಸಿ’. ಮತ್ತೆ ಹತ್ತು ವರ್ಷ ಕಳೆದು 2022ರಲ್ಲಿ ‘ವಿಶ್’, 2024ರ ಡಿಸೆಂಬರಿನಲ್ಲಿ ‘ಟ್ರೆಷರ್’, 2025ರ ನವೆಂಬರಿನಲ್ಲಿ ‘ಡೆಸ್ಟಿನಿ’. ಬಹುಕಾಲ ಹಸಿದಿದ್ದವರಿಗೆ ಒಮ್ಮೆಲೇ ಔತಣ ದೊರೆತಂತೆ, 2024ರ ಆಗಸ್ಟಿನಲ್ಲಿ ಇನ್ನೂ ನಾಲ್ಕು ಹಡಗುಗಳು 2027ರಿಂದ 2031ರೊಳಗೆ ಬರುವುವೆಂದೂ, ಆಗ ಒಟ್ಟು ಸಂಖ್ಯೆ 13 ಆಗುವುದೆಂದೂ ಪ್ರಕಟವಾಯಿತು. ಊಹಿಸುವವರಿಗೆ ಇದಕ್ಕಿಂತ ಸುಭಿಕ್ಷ ಇನ್ನೇನು ಬೇಕು?

ಹೆಸರಿನ ಊಹೆ ಇದರಲ್ಲಿ ತೀರ ಹಗುರವಾದದ್ದು. ಇದುವರೆಗಿನ ಹೆಸರುಗಳೆಲ್ಲವೂ ಮಾಯೆ, ವಿಸ್ಮಯ, ಕನಸು, ಹಾರೈಕೆ, ನಿಧಿ, ವಿಧಿ ಎಂಬಂಥ ಭಾವವಾಚಕಗಳಾದ್ದರಿಂದ, ನಿಘಂಟನ್ನು ತೆರೆದಿಟ್ಟುಕೊಂಡು ಯಾರು ಬೇಕಾದರೂ ಊಹಿಸಬಹುದು. ಪ್ರತಿಯೊಂದು ಹಡಗಿನ ಹಿಂಬದಿಗೂ ಕಥಾಪಾತ್ರವೊಂದು ಜೋತುಬಿದ್ದಂತೆ ನಿಲ್ಲಿಸುವುದು ಇವರ ಸಂಪ್ರದಾಯ. ‘ವಿಶ್’ಗೆ ನೀಳಕೇಶಿಯಾದ ರಪುಂಜೆಲ್, ‘ಟ್ರೆಷರ್’ಗೆ ಪೀಟರ್ ಪ್ಯಾನ್ ಮತ್ತು ಕೊಕ್ಕೆಗೈಯ ನಾಯಕ, ‘ಡೆಸ್ಟಿನಿ’ಗೆ ಸ್ಪೈಡರ್‌ಮ್ಯಾನ್. ಮುಂದಿನವುಗಳ ಬೆನ್ನೇರುವವರು ಯಾರೆಂಬ ಚರ್ಚೆ ಮಕ್ಕಳಿಗೆ ಸಲ್ಲುವಂಥದು. ಅದನ್ನು ಅವರಿಗೇ ಬಿಡೋಣ.

ಹಿರಿಯರ ಪಟ್ಟಿಗಳಲ್ಲಿ ಮೊದಲು ಕಾಣುವುದು ಬೆರಗಿನ ಬಯಕೆ. ಇದಕ್ಕೆ ಕಾರಣ ಕಂಪೆನಿಗಳ ಪರಸ್ಪರ ಸ್ಪರ್ಧೆಯೇ. ರಾಯಲ್ ಕ್ಯಾರಿಬಿಯನ್ ಕಂಪೆನಿ 1999ರಲ್ಲಿ ‘ವಾಯೇಜರ್ ಆಫ್ ದಿ ಸೀಸ್’ ಹಡಗಿನೊಳಗೆ ಹಿಮದ ಮೇಲೆ ಜಾರಾಡುವ ಅಂಗಳವನ್ನೇ ಇಟ್ಟಿತು. ಡಿಸ್ನಿಯವರ ‘ಡ್ರೀಮ್’ 765 ಅಡಿ ಉದ್ದದ ನೀರಿನ ಕೊಳವೆಯೊಂದನ್ನು ಡೆಕ್ಕಿನ ಅಂಚಿನಾಚೆಗೂ ಚಾಚಿ, ಕುಳಿತವರು ಕ್ಷಣಕಾಲ ಸಮುದ್ರದ ಮೇಲೆಯೇ ತೇಲಿ ಹೋಗುವಂತೆ ಮಾಡಿತು. 2021ರಲ್ಲಿ ಸೇವೆಗೆ ತೊಡಗಿದ ಕಾರ್ನಿವಲ್ ಕಂಪೆನಿಯ ‘ಮಾರ್ಡಿ ಗ್ರಾ’ ಹಡಗಿನ ನೆತ್ತಿಯ ಮೇಲೆ ರೋಲರ್ ಕೋಸ್ಟರು ಓಡಿತು. 2024ರ ಜನವರಿಯಲ್ಲಿ ಹೊರಟ ‘ಐಕನ್ ಆಫ್ ದಿ ಸೀಸ್’ 2,48,663 ಟನ್ನಿನ ಗಾತ್ರದಿಂದ ಎಲ್ಲವನ್ನೂ ಮೀರಿಸಿತು. ಒಬ್ಬರು ಇಟ್ಟದ್ದಕ್ಕಿಂತ ಒಂದು ಮೊಳ ಹೆಚ್ಚು ಬೇಕೆಂದು ಪ್ರಯಾಣಿಕರು ಕೇಳುವುದೂ, ಕೇಳಿದ್ದಕ್ಕಿಂತ ಎರಡು ಮೊಳ ಹೆಚ್ಚು ಕೊಡುವೆನೆಂದು ಕಂಪೆನಿಗಳು ಸಾರುವುದೂ ಹೀಗೆ ನಡೆದು ಬಂದಿದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಹಿತ. ಹಡಗಿನ ಟನ್ನೇಜು ತೂಕವಲ್ಲ, ಅದರೊಳಗಿನ ಅವಕಾಶದ ಅಳತೆ. 1998ರ ‘ಮ್ಯಾಜಿಕ್’ ಸುಮಾರು 84,000 ಟನ್ನಿನದು. ತುಂಬಿದರೆ 2,700 ಮಂದಿ. ಸಿಂಗಾಪುರವನ್ನು ನೆಲೆಯಾಗಿ ಗೊತ್ತುಮಾಡಿದ ‘ಡಿಸ್ನಿ ಅಡ್ವೆಂಚರ್’ ಸುಮಾರು 2,08,000 ಟನ್ನಿನದು. ಅದರಲ್ಲಿ ಹಿಡಿಯುವವರು 6,700 ಮಂದಿ. ಭಾಗಿಸಿದರೆ ಎರಡರಲ್ಲಿಯೂ ತಲೆಗೆ 31 ಟನ್ನಿನ ಅವಕಾಶವೇ ಬರುತ್ತದೆ. ‘ಐಕನ್’ನಲ್ಲಿ 7,600 ಮಂದಿಗೆ ಹಂಚಿದರೆ ಸುಮಾರು 33, ‘ವಿಶ್’ 1,44,000 ಟನ್ನಿಗೆ 4,000 ಮಂದಿಯನ್ನಷ್ಟೇ ಹತ್ತಿಸಿಕೊಳ್ಳುವುದರಿಂದ 36. ಹಡಗು ಎರಡೂವರೆ ಪಾಲು ಬೆಳೆದರೂ ಒಬ್ಬೊಬ್ಬನ ಪಾಲಿಗೆ ಬಂದ ಬಯಲು ಹೆಚ್ಚುಕಡಮೆ ಹಿಂದಿನಷ್ಟೇ ಎಂದಾಯಿತು. ಹೆಚ್ಚಿದ್ದು ಊಟದ ಸಾಲು, ಲಿಫ್ಟಿನ ಮುಂದಿನ ಗುಂಪು, ಮತ್ತು ಒಂದು ಬದಿಯಿಂದ ಇನ್ನೊಂದು ಬದಿಗೆ ಅಜ್ಜಿ ನಡೆಯಬೇಕಾದ ದೂರ. ದೊಡ್ಡ ಹಡಗಿಗೆ ಲಾಭಗಳೂ ಉಂಟು, ಇಲ್ಲವೆಂದು ಹೇಳುವುದಿಲ್ಲ. ಒಂದೇ ಯಂತ್ರಾಗಾರ, ಒಂದೇ ಚುಕ್ಕಾಣಿಕೋಣೆ ಹೆಚ್ಚು ಜನರಿಗೆ ಸಲ್ಲುವುದರಿಂದ ಖರ್ಚು ಇಳಿಯುತ್ತದೆ. ಆದರೆ ಆ ಲಾಭ ಯಾರ ಕಡೆಗೆ ಹರಿಯುತ್ತದೆ ಎಂಬುದನ್ನು ಟಿಕೆಟ್ಟಿನ ದರವೇ ಹೇಳೀತು.

ಬಯಕೆಗೆ ಮಿತಿಯನ್ನು ಹಾಕುವುದು ಹಣವೊಂದೇ ಎಂದು ತಿಳಿದವರಿಗೆ ಎಮ್ಸ್ ನದಿಯ ಕಥೆ ಸ್ವಾರಸ್ಯವಾಗಿ ತೋರಬಹುದು. ‘ಡ್ರೀಮ್’ನಿಂದ ‘ಡೆಸ್ಟಿನಿ’ಯವರೆಗಿನ ಡಿಸ್ನಿ ಹಡಗುಗಳನ್ನು ಕಟ್ಟಿದ ಮೇಯರ್ ವೆರ್ಫ್ಟ್ ಎಂಬ ನೌಕಾಲಯವು ಜರ್ಮನಿಯ ಪಾಪೆನ್‌ಬುರ್ಗ್ ಎಂಬ ಊರಿನಲ್ಲಿದೆ. 1795ರಲ್ಲಿ ಅದು ಆರಂಭವಾದಾಗ ಮರದ ಹಡಗುಗಳ ಕಾಲ. ಸಮುದ್ರ ಹಲವು ಹರದಾರಿ ದೂರದಲ್ಲಿದೆಯೆಂಬುದು ಆಗ ಯಾರಿಗೂ ತೊಂದರೆಯಾಗಿರಲಿಲ್ಲ. ಈಗಲಾದರೋ ಹದಿನೈದು ಅಂತಸ್ತಿನ ಸೌಧವೊಂದನ್ನು, ಎರಡು ಕಡೆಯೂ ದನ ಮೇಯುವ ಹುಲ್ಲುಗಾವಲುಗಳಿರುವ ಕಿರಿದಾದ ನದಿಯಲ್ಲಿ ಕಡಲಿಗೆ ಸಾಗಿಸಬೇಕು. ಇದಕ್ಕಾಗಿ ಗಾಂಡರ್ಸುಮ್ ಎಂಬಲ್ಲಿ ಅಡ್ಡಗಟ್ಟೆಯ ಬಾಗಿಲುಗಳನ್ನು ಮುಚ್ಚಿ, ನೀರನ್ನು ತಡೆದು, ನದಿಯನ್ನು ಉಬ್ಬಿಸುತ್ತಾರೆ. ಹಡಗು ಹಿಂಬದಿಯನ್ನು ಮುಂದುಮಾಡಿಕೊಂಡು, ಎಳೆದೋಣಿಗಳ ಸಹಾಯದಿಂದ, ತೆರೆದ ಸೇತುವೆಗಳ ನಡುವೆ ಗಜಗಮನದಿಂದ ಹೊರಡುತ್ತದೆ. ಸುತ್ತಣ ಊರಿನ ಜನ ದಡದಲ್ಲಿ ನೆರೆದು ಇದನ್ನು ನೋಡುವುದು ಒಂದು ಜಾತ್ರೆಯೇ ಸರಿ. ಹೂಳೆತ್ತಿ ಹೂಳೆತ್ತಿ ನದಿಯ ಜೀವವೇ ಸೊರಗಿತೆಂದು ಪರಿಸರವಾದಿಗಳು ದೂರುವುದೂ ಅಷ್ಟೇ ಹಳೆಯ ಮಾತು. ಹೀಗಿರುವಾಗ ಪಾಪೆನ್‌ಬುರ್ಗಿನಲ್ಲಿ ಕಟ್ಟುವ ಹಡಗಿಗೆ ‘ಐಕನ್’ನ ಅಗಲ ಬೇಕೆಂದು ಪಟ್ಟಿ ಬರೆಯುವವರು ನದಿಯನ್ನು ಕೇಳದೆ ಬರೆಯುತ್ತಾರೆಂದೇ ಹೇಳಬೇಕು.

ಆ ನೌಕಾಲಯವೂ 2024ರಲ್ಲಿ ಮುಳುಗುವುದರಲ್ಲಿತ್ತು. ಕೋವಿಡ್ ಕಾಲಕ್ಕೆ ಮೊದಲು ಒಪ್ಪಿಕೊಂಡ ಬೆಲೆಗಳು ಉಕ್ರೇನ್ ಯುದ್ಧ ತೊಡಗಿದ ಮೇಲಿನ ಉಕ್ಕು, ಇಂಧನಗಳ ದರಕ್ಕೆ ಸಾಲದೆ ಹೋಗಿ, ಕೊನೆಗೆ ಜರ್ಮನಿಯ ಕೇಂದ್ರ ಸರ್ಕಾರವೂ ಲೋವರ್ ಸ್ಯಾಕ್ಸನಿ ರಾಜ್ಯವೂ ಸೇರಿ ಸುಮಾರು ಶೇಕಡ 80ರಷ್ಟು ಪಾಲನ್ನು ಕೊಂಡು ಅದನ್ನು ಉಳಿಸಿಕೊಂಡುವು. ಡಿಸ್ನಿಯ ನಾಲ್ಕು ಹಡಗುಗಳ ಸುದ್ದಿ ಹೊರಟದ್ದು ಅದೇ ದಿನಗಳಲ್ಲಿ. ಅಮೆರಿಕದ ಮಗುವಿನ ಕನಸಿಗೆ ಜರ್ಮನಿಯ ತೆರಿಗೆದಾರನು ಆಧಾರಸ್ತಂಭವಾದ ಈ ವಿಚಿತ್ರವನ್ನು ಯಾವ ಬಯಕೆಪಟ್ಟಿಯೂ ಊಹಿಸಿರಲಾರದು.

ಮಿಕ್ಕ ಮಿತಿಗಳನ್ನು ಬೇಗ ಬೇಗ ಹೇಳಿ ಮುಗಿಸಬಹುದು. ಸೇತುವೆಗಳು ಹಡಗಿನ ಎತ್ತರವನ್ನು ಗೊತ್ತುಮಾಡುತ್ತವೆ. 2009ರಲ್ಲಿ ‘ಓಯಸಿಸ್ ಆಫ್ ದಿ ಸೀಸ್’ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಕೆಳಗೆ ನುಸುಳಲು ತನ್ನ ಹೊಗೆಕೊಳವೆಗಳನ್ನೇ ಕೆಳಗಿಳಿಸಿಕೊಳ್ಳಬೇಕಾಯಿತು. ಪನಾಮಾ ಕಾಲುವೆಯ ಹಳೆಯ ಕಟ್ಟೆಗಳು ಅಗಲವನ್ನು ಗೊತ್ತುಮಾಡಿದ್ದುವು. ‘ಮ್ಯಾಜಿಕ್’ ಆ ಮಿತಿಯೊಳಗೆ ಕಟ್ಟಿದ್ದಾದ್ದರಿಂದಲೇ 2005ರಲ್ಲಿ ಅದನ್ನು ದಾಟಿ ಕ್ಯಾಲಿಫೋರ್ನಿಯಕ್ಕೆ ಹೋಗಬಲ್ಲದಾಯಿತು. ಕಾನೂನಿನದು ಬೇರೆಯೇ ತೊಡಕು. ವಿದೇಶೀ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಕೂಡದೆಂದು 1886ರ ಶಾಸನವೊಂದು ವಿಧಿಸುತ್ತದೆ. ಡಿಸ್ನಿಯ ಹಡಗುಗಳು ಬಹಾಮಾಸಿನಲ್ಲಿ ನೋಂದಣಿಯಾದವು. ಆದ್ದರಿಂದ ಅಲಾಸ್ಕಕ್ಕೂ ಹವಾಯಿಗೂ ಹೋಗುವಾಗ ಕೆನಡದ ವ್ಯಾಂಕೂವರನ್ನು ಆಶ್ರಯಿಸುತ್ತವೆ. ಹವಾಯಿಯ ದ್ವೀಪಗಳಲ್ಲೇ ಒಂದು ವಾರ ತಿರುಗುವ ಡಿಸ್ನಿ ಹಡಗು ಬೇಕೆಂಬ ಬಯಕೆ ವರ್ಷ ವರ್ಷವೂ ಪಟ್ಟಿಯಲ್ಲಿ ಬರುತ್ತದೆ, ವರ್ಷ ವರ್ಷವೂ ಈ ಶಾಸನಕ್ಕೆ ಹಣೆ ತಗುಲಿಸಿಕೊಂಡು ಹಿಂದಿರುಗುತ್ತದೆ.

ಬಂದರುಗಳೂ ಈಗ ಮಾತಾಡತೊಡಗಿವೆ. ವೆನಿಸ್ಸಿನಲ್ಲಿ ಸಂತ ಮಾರ್ಕನ ಚೌಕದ ಮುಂದೆ ದೊಡ್ಡ ಹಡಗುಗಳು ಸಾಗದಂತೆ ಇಟಲಿ ಸರ್ಕಾರ 2021ರಲ್ಲಿ ತಡೆಯಿತು. ಅಲಾಸ್ಕದ ರಾಜಧಾನಿ ಜೂನೋ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದು ಮಿತಿಯಿಟ್ಟಿತು. ಇನ್ನು ಹೊಗೆಯ ಮಾತು. ಹೊಸ ಹಡಗುಗಳಲ್ಲಿ ಹಲವು ದ್ರವೀಕೃತ ನೈಸರ್ಗಿಕ ಅನಿಲದಿಂದ ಓಡುತ್ತವೆ. ಗಂಧಕದ ಹೊಗೆ ಕಡಮೆಯಾಯಿತೆಂಬುದು ನಿಜ, ಆದರೆ ಎಂಜಿನಿನಲ್ಲಿ ಉರಿಯದೆ ಸೋರಿಹೋಗುವ ಮೀಥೇನು ಉಷ್ಣವನ್ನು ಹಿಡಿದಿಡುವುದರಲ್ಲಿ ಇಂಗಾಲಾಮ್ಲಕ್ಕಿಂತ ಹಲವು ಪಟ್ಟು ಬಲಶಾಲಿ ಎಂಬುದೂ ನಿಜವೇ. ಮಕ್ಕಳಿಗಾಗಿ ಕಟ್ಟಿದ ಹಡಗು ಅವೇ ಮಕ್ಕಳ ಮುಂದಿನ ಹವೆಯನ್ನು ಕೆಡಿಸದಿರಲಿ ಎಂಬ ಬಯಕೆ ಪಟ್ಟಿಗಳಲ್ಲಿ ವಿರಳವಾಗಿ ಕಾಣುವುದು ನನಗಂತೂ ಆಶ್ಚರ್ಯ.

ಇನ್ನು ವಿನಮ್ರವಾದ ಬಯಕೆಗಳಿಗೆ ಬರೋಣ. ನನ್ನ ಮತದಲ್ಲಿ ಸಾರವೆಲ್ಲ ಅಡಗಿರುವುದು ಇಲ್ಲಿ. ಡಿಸ್ನಿಯ ಮೊದಲ ಹಡಗು ಪ್ರಯಾಣಿಕರ ಪ್ರೀತಿಯನ್ನು ಗಳಿಸಿದ್ದು ಸಿಡಿಮದ್ದಿನಿಂದಲೂ ಅಲ್ಲ, ‘ನಕ್ಷತ್ರವನ್ನು ನೋಡಿ ಹಾರೈಸು’ ಎಂಬರ್ಥದ ಹಾಡಿನ ರಾಗವನ್ನು ಮೊಳಗಿಸುವ ಅದರ ಕಹಳೆಯಿಂದಲೂ ಅಲ್ಲ. ಕೋಣೆಯ ಸ್ನಾನಗೃಹವನ್ನು ಎರಡಾಗಿ ಸೀಳಿ, ಒಂದರಲ್ಲಿ ಶೌಚವನ್ನೂ ಇನ್ನೊಂದರಲ್ಲಿ ಸ್ನಾನವನ್ನೂ ಇಟ್ಟು, ಎರಡಕ್ಕೂ ಒಂದೊಂದು ಮುಖ ತೊಳೆಯುವ ತೊಟ್ಟಿಯನ್ನು ಕೊಟ್ಟದ್ದೇ ಅದರ ನಿಜವಾದ ಚಾತುರ್ಯ. ಬೆಳಗಿನ ಹೊತ್ತು ನಾಲ್ವರು ಒಟ್ಟಿಗೆ ಹೊರಡಬೇಕಾದ ಮನೆಯಲ್ಲಿ ಬಾಳಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾದದ್ದಿಲ್ಲ. ಪ್ರಯಾಣಿಕರೇ ಬಟ್ಟೆ ಒಗೆದುಕೊಳ್ಳುವ ಯಂತ್ರಗಳ ಕೋಣೆ ಇವರ ಹಡಗುಗಳಲ್ಲಿ ಉಂಟು. ಅವಕ್ಕಿಂತ ದೊಡ್ಡವಾದ, ಹತ್ತು ಬಗೆಯ ವಿನೋದಗಳುಳ್ಳ ರಾಯಲ್ ಕ್ಯಾರಿಬಿಯನ್ ಹಡಗುಗಳಲ್ಲಿ ಇಲ್ಲ. ಜೂಜುಕಟ್ಟೆಯನ್ನು ಹಡಗಿನೊಳಗೆ ಬಿಟ್ಟುಕೊಳ್ಳದೆ ಇರುವುದೂ ಡಿಸ್ನಿಯವರ ಒಂದು ನಿಯಮ. ಆ ವರಮಾನವನ್ನು ಬಿಟ್ಟುಕೊಟ್ಟದ್ದರ ಬೆಲೆ ಟಿಕೆಟ್ಟಿಗೆ ಬಂದು ಸೇರುತ್ತದೆಯೋ ಏನೋ, ಆದರೆ ಆ ಜಾಗ ಮಕ್ಕಳ ಪಾಲಿಗೆ ಬಂದಿದೆ.

ಕುಟುಂಬದ ಪ್ರಯಾಣದಲ್ಲಿ ಪರಸ್ಪರ ವಿರುದ್ಧವಾದ ಎರಡು ಆಸೆಗಳು ಸದಾ ಇರುತ್ತವೆ: ಎಲ್ಲರೂ ಕೂಡಿರಬೇಕೆಂಬುದು ಒಂದು, ಪ್ರತಿಯೊಬ್ಬರೂ ಸ್ವಲ್ಪ ಹೊತ್ತು ಬೇರೆಯಾಗಿರಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಬಾಯಿಬಿಟ್ಟು ಹೇಳುತ್ತಾರೆ. ಎರಡನೆಯದನ್ನು ಹೇಳಲು ತಾಯಂದಿರು ಸಂಕೋಚಪಡುತ್ತಾರೆ. ಒಳ್ಳೆಯ ಕುಟುಂಬನೌಕೆಯ ವಿನ್ಯಾಸವೆಲ್ಲ ಈ ಎರಡರ ಸಂಧಾನವೇ. ಆರು ತಿಂಗಳಿನಿಂದ ಮೂರು ವರ್ಷದ ಕೂಸುಗಳಿಗೆ ಒಂದು ಶಿಶುಗೃಹ, ಮೂರು ವರ್ಷ ದಾಟಿದವರಿಗೆ ಒಂದು ಕ್ಲಬ್ಬು, ಹನ್ನೊಂದರ ಮೇಲಿನವರಿಗೆ ಇನ್ನೊಂದು, ಹದಿನಾಲ್ಕು ಮುಟ್ಟಿದವರಿಗೆ ತಂದೆತಾಯಿಗಳು ಕಾಲಿಡಕೂಡದ ಮತ್ತೊಂದು, ಹಿರಿಯರಿಗೆ ಮಕ್ಕಳಿಲ್ಲದ ಕೊಳ. ಸಂಜೆಗೆ ಎಲ್ಲರನ್ನೂ ಒಂದು ಮೇಜಿಗೆ ಕರೆತರುವುದು ಸರದಿಯ ಊಟ: ಪ್ರಯಾಣಿಕರು ದಿನಕ್ಕೊಂದು ಭೋಜನಶಾಲೆಗೆ ಹೋಗುತ್ತಾರೆ, ಬಡಿಸುವವರೂ ಅವರ ಜೊತೆಗೇ ಭೋಜನಶಾಲೆ ಬದಲಿಸುತ್ತಾರೆ. ಮಗುವಿಗೆ ಮೆಣಸು ಬೇಡವೆಂಬುದನ್ನು ಮೊದಲ ರಾತ್ರಿ ತಿಳಿದವನು ಮೂರನೆಯ ರಾತ್ರಿಯೂ ಅಲ್ಲಿರುತ್ತಾನೆ. ಈ ದೃಷ್ಟಿಯಿಂದ ‘ವಿಶ್’ ಬಂದಾಗ ಹಳೆಯ ಪ್ರಯಾಣಿಕರು ತೋರಿಸಿದ ಅಸಮಾಧಾನ ಅರ್ಥಪೂರ್ಣವಾದದ್ದು. ಅದರ ಸಭಾಂಗಣ ಬೆಡಗಿನದು. ಅಲ್ಲಿಂದಲೇ ಮಕ್ಕಳು ಜಾರಿ ನೇರವಾಗಿ ತಮ್ಮ ಕ್ಲಬ್ಬಿಗೆ ಇಳಿಯಬಹುದು. ಆದರೆ ಹಿಂದಿನ ಹಡಗುಗಳಲ್ಲಿದ್ದಂತೆ ಇಡೀ ಹಡಗನ್ನು ಒಂದು ಸುತ್ತು ಬರುವ ನಡೆದಾರಿ ಅದರಲ್ಲಿ ಇಲ್ಲ. ಬೆಳಗಿನ ಗಾಳಿಗೆ ನಾಲ್ಕು ಸುತ್ತು ನಡೆಯುವ ಅಜ್ಜನ ಬಯಕೆ ಯಾವ ಜಾಹೀರಾತಿನಲ್ಲಿಯೂ ಬಾರದು. ಬಿಟ್ಟುಹೋದಾಗ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಪಟ್ಟಿ ಬರೆಯುವವರು ಸಾಮಾನ್ಯವಾಗಿ ಮರೆಯುವುದು ಕಾಲವನ್ನು. ಡಿಸ್ನಿಯವರು ‘ಡ್ರೀಮ್’ ಹಡಗಿಗೆ ಒಪ್ಪಂದ ಪ್ರಕಟಿಸಿದ್ದು 2007ರಲ್ಲಿ, ಅದು ಹೊರಟದ್ದು 2011ರಲ್ಲಿ; ‘ವಿಶ್’ಗೆ 2016ರಲ್ಲಿ ಪ್ರಕಟಣೆ, 2022ರಲ್ಲಿ ಯಾನ. ಆರು ವರ್ಷದ ಮಗು ರಾಜಕುಮಾರಿಯರ ಹಡಗು ಬೇಕೆಂದು ಹಟ ಹಿಡಿದರೆ, ಆ ಹಡಗು ದಡಕ್ಕೆ ಬರುವ ಹೊತ್ತಿಗೆ ಹನ್ನೆರಡು ದಾಟಿ, ರಾಜಕುಮಾರಿಯರ ಹೆಸರೆತ್ತಿದರೆ ನಾಚಿಕೊಳ್ಳುವ ವಯಸ್ಸಿಗೆ ಬಂದಿರುತ್ತದೆ. ಹಡಗಿನ ಆಯುಷ್ಯವಾದರೋ ಸುಮಾರು ಮೂವತ್ತು ವರ್ಷ. ಇಂದಿನ ಮಗುವಿಗೆಂದು ಬಗೆದು ಕಟ್ಟಿದ ಹಡಗಿನಲ್ಲಿ ಅದರ ಮಗುವೂ ಪ್ರಯಾಣ ಮಾಡೀತು. ಆದಕಾರಣ ಒಂದು ವರ್ಷದ ಸಿನಿಮಾದ ಸುತ್ತ ಗೋಡೆ, ಕಂಬ, ಭೋಜನಶಾಲೆಗಳನ್ನೆಲ್ಲ ಎರಕ ಹೊಯ್ದು ನಿಲ್ಲಿಸುವುದು ದೂರದೃಷ್ಟಿಯಲ್ಲ. ‘ಮ್ಯಾಜಿಕ್’ ಹದಿನೈದು ವರ್ಷ ತುಂಬಿದಾಗ, 2013ರಲ್ಲಿ, ಸ್ಪೇನಿನ ಕಾದಿಸ್ ನೌಕಾಲಯದಲ್ಲಿ ಅದರ ಒಳಾಂಗಗಳನ್ನು ಕಿತ್ತು ಹೊಸದಾಗಿಸಬೇಕಾಯಿತು. ಹಾಗೆ ಸುಲಭವಾಗಿ ಬದಲಿಸಬಹುದಾದ ಅಂಗಣಗಳು, ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚಬಹುದಾದ ಮಧ್ಯದ ಬಾಗಿಲುಗಳು, ಗಾತ್ರ ಬದಲಿಸಬಲ್ಲ ಕೋಣೆಗಳು: ಊಹೆಗೆ ಇವು ರುಚಿಸದ ವಸ್ತುಗಳೇ, ಆದರೂ ಹೊಸ ಹಡಗಿನಿಂದ ನಾನು ಕೇಳುವುದಾದರೆ ಕೇಳುವುದು ಇವನ್ನೇ.

ಹಡಗು ಬದಲಾವಣೆಗೆ ಒಗ್ಗುವಂತಿರಬೇಕೆಂಬ ಈ ಮಾತಿಗೆ ಅನಿರೀಕ್ಷಿತವಾದ ಪುಷ್ಟಿ ದೊರೆತದ್ದು ‘ಅಡ್ವೆಂಚರ್’ನ ಚರಿತ್ರೆಯಿಂದ. ಅದು ಹುಟ್ಟಿದ್ದು ಡಿಸ್ನಿಯ ಹಡಗಾಗಿ ಅಲ್ಲ. ಗೆಂಟಿಂಗ್ ಹಾಂಗ್‌ಕಾಂಗ್ ಎಂಬ ಕಂಪೆನಿ ಏಷ್ಯದ, ಮುಖ್ಯವಾಗಿ ಚೀನದ, ಪ್ರಯಾಣಿಕರಿಗಾಗಿ ಒಂಬತ್ತು ಸಾವಿರಕ್ಕೂ ಮಿಕ್ಕ ಜನರನ್ನು ಹೊರಬಲ್ಲ ‘ಗ್ಲೋಬಲ್ ಡ್ರೀಮ್’ ಎಂಬ ಹಡಗನ್ನು ಜರ್ಮನಿಯ ವಿಸ್ಮಾರಿನಲ್ಲಿ ತನ್ನದೇ ನೌಕಾಲಯದಲ್ಲಿ ಕಟ್ಟಿಸುತ್ತಿತ್ತು. ಕೋವಿಡ್ ಮಾರಿ ಬಂದು, 2022ರ ಆರಂಭದಲ್ಲಿ ನೌಕಾಲಯವೂ ಒಡೆಯನೂ ದಿವಾಳಿಯಾದುವು. ಅರೆಕಟ್ಟಿದ ಆ ಬೃಹತ್ಕಾಯ ಅಲ್ಲಿಯೇ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ಡಿಸ್ನಿಯವರು ಅದನ್ನು ಕೊಂಡು, ಮೇಯರ್ ಕಂಪೆನಿಯ ಕೈಯಿಂದ ಮುಗಿಸುವ ಏರ್ಪಾಡು ಮಾಡಿ, ಪ್ರಯಾಣಿಕರ ಸಂಖ್ಯೆಯನ್ನು 6,700ಕ್ಕೆ ಇಳಿಸಿದರು. ಹೀಗೆ, ಮುಂದಿನ ಹಡಗು ಎಲ್ಲಿಂದ ಬರುವುದೆಂದು ಊಹಿಸುತ್ತಿದ್ದವರ ಎಲ್ಲ ಗಣಿತಗಳ ಹೊರಗಿನಿಂದ ಒಂದು ಹಡಗು ಬಂದಿತು. ಇದರ ಮೊದಲ ಯಾನ 2025ರ ಡಿಸೆಂಬರಿಗೆ ಗೊತ್ತಾಗಿದ್ದು, 2026ರ ಮಾರ್ಚಿಗೆ ಮುಂದೂಡಲ್ಪಟ್ಟಿತು. ಬಂದರಿನಿಂದ ಬಂದರಿಗೆ ಸುತ್ತುವುದಕ್ಕಿಂತ, ಮೂರು ನಾಲ್ಕು ರಾತ್ರಿ ಕಡಲಲ್ಲೇ ಇದ್ದು ಸಿಂಗಾಪುರಕ್ಕೆ ಮರಳುವ ಕ್ರಮ ಅದರದು.

ಜಪಾನಿನ ಯೋಜನೆ ಇನ್ನೊಂದು ಬಗೆಯದು. ಟೋಕಿಯೋ ಡಿಸ್ನಿಲ್ಯಾಂಡನ್ನು ನಡೆಸುವ ಓರಿಯಂಟಲ್ ಲ್ಯಾಂಡ್ ಕಂಪೆನಿ ‘ವಿಶ್’ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು, ಸುಮಾರು 1,40,000 ಟನ್ನಿನ, 1,250 ಕೋಣೆಗಳ ಹಡಗೊಂದನ್ನು 2028ರ ಹಣಕಾಸಿನ ವರ್ಷಕ್ಕೆ ತರಲು 33,000 ಕೋಟಿ ಯೆನ್ ವಿನಿಯೋಗಿಸುವುದಾಗಿ 2024ರಲ್ಲಿ ಸಾರಿತು. ಧ್ವಜ ಜಪಾನಿನದು, ಕಟ್ಟುವುದು ಜರ್ಮನಿಯಲ್ಲಿ. ಹಡಗು ಕಟ್ಟುವುದರಲ್ಲಿ ಜಗದ್ವಿಖ್ಯಾತವಾದ ದೇಶ ಇದನ್ನು ಹೊರಗಿನಿಂದ ತರಿಸುವುದೇಕೆಂದರೆ, ಮಿತ್ಸುಬಿಶಿಯವರು ನಾಗಸಾಕಿಯಲ್ಲಿ ಜರ್ಮನಿಯ ಐಡಾ ಕಂಪೆನಿಗಾಗಿ ಎರಡು ವಿಹಾರನೌಕೆಗಳನ್ನು ಕಟ್ಟಹೊರಟು, ವಿಳಂಬ, ಬೆಂಕಿ, ಅಪಾರ ನಷ್ಟಗಳನ್ನು ಅನುಭವಿಸಿ, 2016ರಲ್ಲಿ ದೊಡ್ಡ ವಿಹಾರನೌಕೆಗಳ ಗೊಡವೆಯೇ ಬೇಡವೆಂದು ಹಿಂದೆ ಸರಿದದ್ದನ್ನು ನೆನೆಯಬೇಕು. ಎಣ್ಣೆ ಹಡಗನ್ನು ಕಟ್ಟುವುದು ಬೇರೆ, ಕಡಲ ಮೇಲೆ ಸಾವಿರ ಶಯ್ಯಾಗೃಹಗಳ ಪಟ್ಟಣವನ್ನು ಕಟ್ಟುವುದು ಬೇರೆ.

ಸಿಂಗಾಪುರ, ಟೋಕಿಯೋಗಳಿಗೆ ಬಂದಮೇಲೆ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಇದುವರೆಗಿನ ‘ಕುಟುಂಬ’ವೆಂದರೆ ಅಮೆರಿಕದ ಒಂದು ಮನೆ: ತಂದೆ, ತಾಯಿ, ಇಬ್ಬರು ಮಕ್ಕಳು. ಕೋಣೆ ನಾಲ್ವರಿಗೆ ಅಳತೆ ಮಾಡಿದ್ದು; ಒಂದು ದೊಡ್ಡ ಮಂಚ, ಒಂದು ಸೋಫಾ, ಮೇಲಿಂದ ಇಳಿಯುವ ಒಂದು ಹಾಸಿಗೆ. ಐದನೆಯವರು ಬಂದರೆ ಅನೇಕ ವೇಳೆ ಎರಡನೆಯ ಕೋಣೆ ಹಿಡಿಯಬೇಕು, ಇಲ್ಲವೆ ‘ಐಕನ್’ನಲ್ಲಿರುವಂಥ, ಒಳಗೇ ಜಾರುಬಂಡೆಯುಳ್ಳ ಮೂರಂತಸ್ತಿನ ಸೌಧಕ್ಕೆ ರಾಜಯೋಗ್ಯವಾದ ಬೆಲೆ ತೆರಬೇಕು. ಆದರೆ ಸಿಂಗಾಪುರದಿಂದ ಹಡಗು ಹತ್ತುವ ನಮ್ಮವರಲ್ಲಿ ಅಜ್ಜಿ, ತಾತ, ಚಿಕ್ಕಪ್ಪನ ಮಕ್ಕಳು, ಕೆಲವೊಮ್ಮೆ ಎರಡು ಮೂರು ಸಂಸಾರಗಳು ಒಂದೇ ತಂಡವಾಗಿ ಬರುತ್ತವೆ. ಸ್ಟಾರ್ ಕ್ರೂಸಸ್ ಕಂಪೆನಿಯವರ ‘ಸೂಪರ್‌ಸ್ಟಾರ್ ವರ್ಗೊ’ ಸಿಂಗಾಪುರದಿಂದ ಓಡುತ್ತಿದ್ದಾಗ ಅದರಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುತ್ತಿದ್ದುದೂ, ಅವರಿಗಾಗಿ ಸಸ್ಯಾಹಾರದ ಅಡುಗೆ ನಡೆಯುತ್ತಿದ್ದುದೂ, ಅದೇ ಕಂಪೆನಿಯ ‘ಲಿಬ್ರ’ ಹಡಗು ಕೆಲವು ಕಾಲ ಮುಂಬಯಿಯನ್ನೇ ನೆಲೆಮಾಡಿಕೊಂಡು ಗೋವೆ, ಲಕ್ಷದ್ವೀಪಗಳಿಗೆ ಹೋಗಿಬರುತ್ತಿದ್ದುದೂ ಅನೇಕರಿಗೆ ನೆನಪಿರಬಹುದು.

ನಮ್ಮ ದೇಶದ ಪಟ್ಟಿ ಹಾಗಾದರೆ ಏನು? ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರ ವೇಳೆಗೆ ಕಡಲ ವಿಹಾರಿಗಳ ಸಂಖ್ಯೆಯನ್ನು 10 ಲಕ್ಷಕ್ಕೆ ಮುಟ್ಟಿಸುವ ಗುರಿಯನ್ನಿಟ್ಟುಕೊಂಡಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶೀ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ಅವುಗಳಿಂದಿಳಿದ ಪ್ರವಾಸಿಗರು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿಕೊಂಡು ಸಂಜೆಗೆ ಮರಳುತ್ತಾರೆ. ಅಲ್ಲಿಂದಲೇ ನಮ್ಮವರು ಹತ್ತಿ ಹೊರಡಬೇಕೆಂಬುದು ಕರಾವಳಿಯವರ ಸಹಜವಾದ ಬಯಕೆ. ಸದ್ಯಕ್ಕೆ ಭಾರತದ ಕುಟುಂಬಗಳಿಗೆ ದೊರೆತಿರುವ ಹಡಗು ಕಾರ್ಡೀಲಿಯ ಕಂಪೆನಿಯವರು 2021ರಲ್ಲಿ ಮುಂಬಯಿಯಿಂದ ಓಡಿಸತೊಡಗಿದ ‘ಎಂಪ್ರೆಸ್’. 48,563 ಟನ್ನಿನ ಈ ಹಡಗು 1990ರಲ್ಲಿ ಫ್ರಾನ್ಸಿನ ಸೆಂ ನಜೇರಿನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಹುಟ್ಟಿ, ಅಮೆರಿಕದವರ ಮೂರು ನಾಲ್ಕು ದಿನಗಳ ಸಣ್ಣ ಯಾತ್ರೆಗಳಿಗಾಗಿ ರಾಯಲ್ ಕ್ಯಾರಿಬಿಯನ್ನಿನಲ್ಲಿ ದುಡಿದು, ನಡುವೆ ಕೆಲವು ವರ್ಷ ಸ್ಪೇನಿನ ಪುಲ್‌ಮಾಂತೂರ್ ಕಂಪೆನಿಯಲ್ಲಿದ್ದು, ಈಗ ಜೈನ ಊಟವನ್ನು ಬಡಿಸುತ್ತಿದೆ. ಗೋಡೆಗಳು ಅವೇ, ಕುಟುಂಬಗಳು ಬೇರೆ ಬೇರೆ. ಇದರ ಜೊತೆಗೆ 1999ರಲ್ಲಿ ಸೇವೆಗೆ ಬಂದ ‘ನಾರ್ವೇಜಿಯನ್ ಸ್ಕೈ’ಯನ್ನೂ 2001ರ ‘ನಾರ್ವೇಜಿಯನ್ ಸನ್’ನನ್ನೂ ಬಾಡಿಗೆಗೆ ಪಡೆಯುವ ಒಪ್ಪಂದ 2025ರಲ್ಲಿ ಆಯಿತು.

ನಮಗಾಗಿಯೇ ಬಗೆದು ಕಟ್ಟಿದ ಹಡಗು ಸಮೀಪದಲ್ಲಿ ಬಾರದೆಂಬುದನ್ನು ಒಪ್ಪಿಕೊಂಡರೆ, ಬಯಕೆಯೂ ಅದಕ್ಕೆ ತಕ್ಕಂತೆ ರೂಪುಗೊಳ್ಳಬೇಕು. ರೋಲರ್ ಕೋಸ್ಟರನ್ನು ಕೇಳುವುದಕ್ಕಿಂತ, ಅಕ್ಕಪಕ್ಕದ ಎರಡು ಕೋಣೆಗಳ ನಡುವೆ ಬಾಗಿಲು ತೆರೆದು ಏಳು ಜನರ ಸಂಸಾರವೊಂದು ಒಟ್ಟಿಗಿರುವಂತೆ ಮಾಡಿರೆಂದು ಕೇಳಬಹುದು. ಮಂಡಿನೋವಿನ ಅಜ್ಜಿಗೆ ಲಿಫ್ಟಿನ ಹತ್ತಿರ ಕೋಣೆ, ಸ್ನಾನಗೃಹದಲ್ಲಿ ಹಿಡಿಕೆ, ಬಕೆಟ್ಟು ಚೊಂಬು, ಬೆಳಗ್ಗೆ ಆರಕ್ಕೆ ಬಿಸಿ ಕಾಫಿ. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡುಗೆಗೆ ಬೇರೆಯೇ ಒಲೆ. ಮಕ್ಕಳ ಕ್ಲಬ್ಬಿನಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿ ಕಥೆ ಹೇಳಬಲ್ಲ ಒಬ್ಬ ಅಕ್ಕ. ಮದುವೆಯ ತಂಡಗಳ ಧ್ವನಿವರ್ಧಕ ಹನ್ನೊಂದರ ಮೇಲೆ ಮೊಳಗದಂತೆ ಒಂದು ಕಟ್ಟುನಿಟ್ಟು. ಇವುಗಳಲ್ಲಿ ಯಾವುದಕ್ಕೂ ಪಾಪೆನ್‌ಬುರ್ಗಿನಲ್ಲಿ ಆರು ವರ್ಷ ಸರದಿ ಕಾಯಬೇಕಾಗಿಲ್ಲ. ಹಡಗು ಒಡೆತನ ಬದಲಿಸುವಾಗ ಹೇಗೂ ಡ್ರೈಡಾಕಿಗೆ ಹೋಗಿ ಬಣ್ಣ ಬಳಿಸಿಕೊಳ್ಳುತ್ತದೆ. ಆ ಕೆಲವು ವಾರಗಳಲ್ಲಿಯೇ ಇವುಗಳ ಬಹುಪಾಲು ಕೆಲಸ ಮುಗಿದೀತು. ಹೊಸ ಬಣ್ಣದ ಚಿತ್ರಗಳನ್ನು ಪತ್ರಿಕೆಗಳಿಗೆ ಕಳುಹಿಸುವ ಕಂಪೆನಿಗಳು ಕೋಣೆಯ ನಕ್ಷೆಯನ್ನೂ ಜೊತೆಗೆ ಕಳುಹಿಸಿದರೆ, ಸಂಸಾರವಂತರಾದ ಓದುಗರು ಮೊದಲು ನೋಡುವುದು ಅದನ್ನೇ.